ವ್ಯಾನ್: ಹೊಸ್ತಿಲು ಇರುವ ಬಾಗಿಲು

"ಲ್ಯಾನನ್ನೇ ವ್ಯಾನ್ ಮಾಡಿ ಕೊಟ್ಟೀನಿ ಸರ್." ಮನೆಗೆ ಇಂಟರ್ನೆಟ್ ಹಂಚುವ ರೂಟರ್ ಪೆಟ್ಟಿಗೆಯನ್ನು ರಿಪೇರಿ ಮಾಡುವವರ ಬಾಯಲ್ಲಿ ಈ ಮಾತನ್ನು ಈ ವರ್ಷ ನಾನು ಕೇಳಿದ್ದು ಇದು ನಾಲ್ಕನೇ ಸಲ. ಹೊರಗಿನ ಕೇಬಲ್ ಬಂದು ಸೇರುವ ತೂತು ವ್ಯಾನ್, ಮನೆಯೊಳಗಿನವರಿಗೆ ಬಿಟ್ಟ ತೂತುಗಳು ಲ್ಯಾನ್. ನಾಲ್ಕೂ ಕಡೆ ಯಾರೂ ಯಾವುದನ್ನೂ ವ್ಯಾನ್ ಮಾಡಿರಲಿಲ್ಲ. ಸುಟ್ಟುಹೋದ ತೂತಿನಿಂದ ಕೇಬಲ್ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದ್ದರು, ಅಷ್ಟೇ. ನೆಟ್ ಬಂದಿತ್ತು. ನೆಟ್ ಬಂತಲ್ಲ, ಹೆಸರು ಯಾವುದಾದರೇನು ಅನ್ನಬಹುದು. ಆದರೆ ಇಲ್ಲಿ ಹೆಸರು ತಪ್ಪಿದರೆ ಮನೆಗೆ ಬೀಗ ಎಲ್ಲಿ ಬಿದ್ದಿದೆ ಅನ್ನೋದೇ ತಪ್ಪಾಗಿ ತಿಳಿಯುತ್ತದೆ.

ನಾಲ್ಕನೆಯದು ಚಿತ್ರದುರ್ಗದ ಮೆದೇಹಳ್ಳಿ ರಸ್ತೆಯಲ್ಲಿರುವ ನಮ್ಮ ದೊಡ್ಡಪ್ಪನ ಮನೆಯದು. ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದಾರೆ. ಎರಡೂ ಮನೆಗೆ ಒಂದೇ ಇಂಟರ್ನೆಟ್ ಕನೆಕ್ಷನ್. ಕಂಪನಿಯವರ ಫೈಬರ್ ಪೆಟ್ಟಿಗೆ ಮೇಲಿದೆ, ಅಲ್ಲಿಂದ ಗೋಡೆಯ ಹೊರಗೆ ಒಂದು ತಾಮ್ರದ ಕೇಬಲ್ ಇಳಿದು ಕೆಳಗಿನ ರೂಟರಿಗೆ ಬರುತ್ತದೆ. ಮೇ ತಿಂಗಳ ಒಂದು ಸಂಜೆ ಸಿಡಿಲು ಹತ್ತಿರದಲ್ಲೇ ಹೊಡೆಯಿತು. ಫೈಬರ್ ಅನ್ನೋದು ಗಾಜು, ಅದರಲ್ಲಿ ಕರೆಂಟ್ ಹರಿಯೋದಿಲ್ಲ. ತಾಮ್ರದಲ್ಲಿ ಹರಿಯುತ್ತದೆ. ರೂಟರಿನ ನೀಲಿ ತೂತು, ಅಂದರೆ ವ್ಯಾನ್, ಸುಟ್ಟುಹೋಯಿತು. ಹಳದಿಯ ನಾಲ್ಕು ಲ್ಯಾನ್ ತೂತುಗಳು ಉಳಿದವು. ರಿಪೇರಿಯವರು ಬಂದು ಕೇಬಲ್ಲನ್ನು ಹಳದಿಗೆ ಹಾಕಿ ಮೊದಲ ಸಾಲಿನ ಆ ಮಾತು ಹೇಳಿ ಹೋದರು.

ಮೂರು ದಿನ ಆದಮೇಲೆ ದೊಡ್ಡಪ್ಪ ಫೋನ್ ಮಾಡಿದರು. "ವಾರ್ತೆ ನೋಡ್ತಾ ಕೂತಿದ್ದೆ ಕಣಪ್ಪ, ಇದ್ದಕ್ಕಿದ್ದಂಗೆ ಟಿವಿನಾಗೆ ಕಾರ್ಟೂನ್ ಶುರುವಾತು. ನಾನು ರಿಮೋಟ್ ಮುಟ್ಟೇ ಇಲ್ಲ." ಮೇಲಿನ ಮನೆಯ ಹುಡುಗ ತನ್ನ ಮೊಬೈಲಿನಿಂದ ಅವರ ಟಿವಿಗೆ ಕಾರ್ಟೂನ್ ಕಳಿಸಲು ಹೋಗಿದ್ದ. ಪಟ್ಟಿಯಲ್ಲಿ ಎರಡು ಟಿವಿ ಕಂಡವು, ಒಂದನ್ನು ಒತ್ತಿದ. ಅವನದೇನೂ ತಪ್ಪಿಲ್ಲ. ಎರಡೂ ಮನೆಯ ನಡುವೆ ಇದ್ದ ಹೊಸ್ತಿಲು ಹೋಗಿತ್ತು.

ಈಗ ಪದಕ್ಕೆ ಬರೋಣ. ಲ್ಯಾನ್ ಅಂದರೆ ಒಂದು ಮನೆ, ಒಂದು ಕಚೇರಿಯೊಳಗಿನ ಜಾಲ. ವ್ಯಾನ್ ಅಂದರೆ ಊರು ದಾಟಿದ, ದೇಶ ದಾಟಿದ ವಿಶಾಲ ಜಾಲ. ಇಷ್ಟು ಎಲ್ಲರಿಗೂ ಗೊತ್ತು. ಗೊಂದಲ ಹುಟ್ಟೋದು ಇವುಗಳ ಹಿಂದೆ "ಪೋರ್ಟ್" ಸೇರಿದಾಗ.

ಪೋರ್ಟ್ ಅನ್ನುವ ಪದಕ್ಕೆ ಕನ್ನಡದಲ್ಲಿ ಆಗಿರುವ ಅನ್ಯಾಯದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕಿದೆ. ಯಂತ್ರದ ಅನುವಾದದಲ್ಲಿ "ಕೇಬಲ್ ಅನ್ನು ಲ್ಯಾನ್ ಬಂದರಿಗೆ ಸೇರಿಸಿ" ಅಂತ ಓದಿದ್ದೇನೆ. ಬಂದರು ಪಾರಸಿ ಮೂಲದ ಪದ, ಹಡಗು ನಿಲ್ಲುವ ಜಾಗ. ಮಂಗಳೂರಿನಲ್ಲಿ ಒಂದು ಪ್ರದೇಶದ ಹೆಸರೇ ಬಂದರ್. ಅಲ್ಲಿ ಅದು ಸರಿಯಾದ ಪದ. ರೂಟರಿನ ಹಿಂಭಾಗದಲ್ಲಿ ಅಲ್ಲ. ಇಂಗ್ಲಿಷಿನಲ್ಲಿ ಒಂದೇ ಥರ ಕಾಣುವ ಎರಡು ಪೋರ್ಟ್‌ಗಳಿವೆ. ಒಂದು ಲ್ಯಾಟಿನ್ನಿನ ಪೋರ್ಟುಸ್ ಅನ್ನುವ ಪದದಿಂದ ಬಂದದ್ದು. ಅದಕ್ಕೆ ಬಂದರು ಎಂದೇ ಅರ್ಥ. ಇನ್ನೊಂದು ಪೋರ್ಟಾ ಅನ್ನುವ ಪದದಿಂದ ಬಂದದ್ದು. ಅದು ಊರಬಾಗಿಲು, ದ್ವಾರ. ಹಡಗಿನ ಪಕ್ಕೆಯಲ್ಲಿ ಫಿರಂಗಿಯ ಮೂತಿ ಹೊರಗೆ ಚಾಚಲು ಬಿಟ್ಟ ಕಿಂಡಿಗೂ ಈ ಎರಡನೆಯ ಪೋರ್ಟೇ ಹೆಸರು. ಕಂಪ್ಯೂಟರಿನ ಪೋರ್ಟ್ ಬಂದಿರುವುದು ಈ ಬಾಗಿಲಿನ ವಂಶದಿಂದ. ಎರಡಕ್ಕೂ ಹಿಂದೆ ದಾಟುವುದು ಅನ್ನುವ ಅರ್ಥದ ಒಂದೇ ಹಳೆಯ ಬೇರಿದೆ ನಿಜ. ಆದರೆ ಕವಲೊಡೆದು ಎರಡು ಸಾವಿರ ವರ್ಷ ದಾಟಿದೆ. ಆಮೇಲೂ ಎರಡನ್ನೂ ಒಂದೇ ಅನ್ನೋದು ಬೇಡ.

ಬಾಗಿಲು ಅಂತ ಹಿಡಿದರೆ ನಮ್ಮಲ್ಲಿ ಪದಗಳಿಗೆ ಬರವೇ ಇಲ್ಲ. ತಲೆಬಾಗಿಲು, ಹೆಬ್ಬಾಗಿಲು, ಹಿತ್ತಲ ಬಾಗಿಲು, ದಿಡ್ಡಿ ಬಾಗಿಲು, ಕಿಂಡಿ. ಗಮನಿಸಿ, ಇವು ಬಾಗಿಲ ಮರದ ಹೆಸರಲ್ಲ, ಬರೀ ಅಳತೆಯ ಹೆಸರೂ ಅಲ್ಲ. ಆ ಬಾಗಿಲು ಎತ್ತ ತೆರೆಯುತ್ತದೆ, ಯಾರು ಬಳಸುತ್ತಾರೆ ಅನ್ನೋದರ ಹೆಸರು. ಹಿತ್ತಲ ಬಾಗಿಲನ್ನು ಅದರ ಚೌಕಟ್ಟಿನ ಸಮೇತ ಕಿತ್ತು ಮುಂದಿನ ಗೋಡೆಗೆ ಕೂರಿಸಿದರೆ ಅದೇ ತಲೆಬಾಗಿಲು. ವ್ಯಾನ್ ಪೋರ್ಟ್ ಅನ್ನೋದೂ ಹೀಗೇ. ನೀಲಿ ಬಣ್ಣದ ತೂತಿನ ಒಳಗೆ ಹಳದಿ ತೂತಿನಲ್ಲಿ ಇಲ್ಲದ್ದು ಏನೂ ಇಲ್ಲ. ಎರಡರಲ್ಲೂ ಅದೇ ಎಂಟು ಹಲ್ಲು, ಕೇಬಲ್ಲಿನಲ್ಲಿ ಮಾತಾಡುವ ಅದೇ ಈಥರ್ನೆಟ್ ರೀತಿ.

ಚಿತ್ರದುರ್ಗದವರಿಗೆ ಇದನ್ನು ವಿವರಿಸೋದೇ ಬೇಡ ಅನ್ನಿಸುತ್ತದೆ. ಕೋಟೆ ಹತ್ತಿದವರೆಲ್ಲ ತಣ್ಣೀರು ದೋಣಿಯ ಹತ್ತಿರ ಓಬವ್ವನ ಕಿಂಡಿಗೆ ಬಗ್ಗಿ ನೋಡಿರುತ್ತಾರೆ. ಒಬ್ಬರು ಮೈ ಹಿಡಿ ಮಾಡಿಕೊಂಡು ನುಸುಳುವಷ್ಟು ಸಂದಿ. ಕಟ್ಟಿದವರ ಲೆಕ್ಕದಲ್ಲಿ ಅದು ಬಾಗಿಲೇ ಆಗಿರಲಿಲ್ಲ. ಹೈದರಾಲಿಯ ಸೈನಿಕರು ಅದರಲ್ಲಿ ಒಬ್ಬೊಬ್ಬರೇ ತಲೆ ತೂರಿಸಿದ ಗಳಿಗೆಯಲ್ಲಿ ಅದು ಕೋಟೆಯ ಬಾಗಿಲಾಯಿತು. ನೀರಿಗೆ ಬಂದ ಓಬವ್ವ ಒನಕೆ ಹಿಡಿದು ನಿಂತದ್ದರಿಂದ ಅದು ಕಾವಲಿರುವ ಬಾಗಿಲಾಯಿತು. ಕಿಂಡಿಯ ಅಗಲ ಒಂದು ಬೆರಳೂ ಬದಲಾಗಿರಲಿಲ್ಲ.

ರೂಟರಿನ ಪೆಟ್ಟಿಗೆಯಲ್ಲಿ ಆ ಕಾವಲು ಎಲ್ಲಿ ನಿಂತಿರುತ್ತದೆ? ನಾಲ್ಕು ಲ್ಯಾನ್ ತೂತುಗಳು, ಜೊತೆಗೆ ವೈಫೈ, ಎಲ್ಲ ಒಂದೇ ಪಡಸಾಲೆಗೆ ತೆರೆಯುವ ಬಾಗಿಲುಗಳು. ಪಡಸಾಲೆಗೆ ಬಂದವರು ಒಬ್ಬರನ್ನೊಬ್ಬರು ನೋಡಬಹುದು, ಮಾತಾಡಿಸಬಹುದು. ಫೋನಿಗೆ ಟಿವಿ ಕಾಣೋದು, ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣೋದು ಇದರಿಂದಲೇ. ವ್ಯಾನ್ ಮಾತ್ರ ಹೊಸ್ತಿಲಿನ ಆಚೆ. ಆ ಹೊಸ್ತಿಲಲ್ಲಿ ಮೂರು ಕೆಲಸ ನಡೆಯುತ್ತದೆ. ಲ್ಯಾನ್ ಬದಿ ರೂಟರ್ ಪ್ರತಿ ಫೋನು, ಟಿವಿಗೂ ಒಂದು ಅಂಕಿಯ ವಿಳಾಸ ಹಂಚುತ್ತದೆ, ವ್ಯಾನ್ ಬದಿ ತಾನೇ ಹೊರಗಿನವರಲ್ಲಿ ವಿಳಾಸ ಕೇಳುತ್ತದೆ. ಒಳಗಿನವರು ಹೊರಗೆ ಹೋಗುವಾಗ ಎಲ್ಲರ ಮನೆವಿಳಾಸವನ್ನೂ ಅಳಿಸಿ ತನ್ನ ಒಂದೇ ವಿಳಾಸ ಬರೆಯುತ್ತದೆ. 192.168 ಅಂತ ಶುರುವಾಗುವ ವಿಳಾಸಗಳು 1994ರಲ್ಲಿ ಮನೆಯೊಳಗಿನ ಬಳಕೆಗೇ ಅಂತ ಎತ್ತಿಟ್ಟವು, ಅವು ಬೀದಿಗೆ ಇಳಿಯುವಂತಿಲ್ಲ. ಇನ್ನು ಮೂರನೆಯದು ಫೈರ್‌ವಾಲ್. ಒಳಗಿನವರು ಕರೆದರೆ ಮಾತ್ರ ಹೊರಗಿನವರಿಗೆ ದಾರಿ, ತಾವಾಗಿ ಬಂದವರಿಗೆ ಇಲ್ಲ.

ಈ ಮೂರೂ ಇರುವ ತೂತು ವ್ಯಾನ್. ಇಲ್ಲದ್ದು ವ್ಯಾನ್ ಅಲ್ಲ, ಅದರ ಮೇಲೆ ಏನೇ ಅಚ್ಚಾಗಿರಲಿ.

ದೊಡ್ಡಪ್ಪನ ಮನೆಯಲ್ಲಿ ರಿಪೇರಿಯವರು ಮಾಡಿದ್ದನ್ನು ಈಗ ನೋಡಿ. ರೂಟರಿನ ವಿಳಾಸವನ್ನು 192.168.1.2 ಮಾಡಿದ್ದರು. ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿದ್ದರು. ಕೇಬಲ್ ಲ್ಯಾನಿಗೆ. ಇದು ತಪ್ಪು ಕೆಲಸವಲ್ಲ, ನೀಟಾಗೇ ಮಾಡಿದ್ದರು. ಇದಕ್ಕೆ ಆಕ್ಸೆಸ್ ಪಾಯಿಂಟ್ ಅಂತ ಹೆಸರು. ಮೇಲಿನ ಪೆಟ್ಟಿಗೆಯ ಪಡಸಾಲೆಯನ್ನೇ ಕೆಳಗಿನವರೆಗೂ ಎಳೆದಂತೆ. ಇಡೀ ಮನೆ ಒಂದೇ ಕುಟುಂಬದ್ದಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಅದನ್ನು "ಲ್ಯಾನನ್ನ ವ್ಯಾನ್ ಮಾಡಿದೆ" ಅಂದರೆ ಕೇಳಿದವರು ಕಾವಲು ಇನ್ನೂ ಇದೆ ಅಂದುಕೊಳ್ಳುತ್ತಾರೆ. ದೊಡ್ಡಪ್ಪ ಅಂದುಕೊಂಡಿದ್ದೂ ಹಾಗೇ. ಮಕ್ಕಳಿಗೆ ರಾತ್ರಿ ಹತ್ತರ ಮೇಲೆ ನೆಟ್ ಬಂದ್ ಆಗಲಿ ಅಂತ ಆ ರೂಟರಿನಲ್ಲಿ ಹಾಕಿಸಿದ್ದ ನಿಯಮವೂ ಅವತ್ತಿನಿಂದ ಕೆಲಸ ಬಿಟ್ಟಿತ್ತು. ಹೊಸ್ತಿಲೇ ಇಲ್ಲದ ಕಡೆ ಅದು ಯಾರನ್ನು ತಡೆದೀತು?

ಹಾಗಾದರೆ ನಿಜವಾಗಿ ಲ್ಯಾನನ್ನು ವ್ಯಾನ್ ಮಾಡಲು ಬರುತ್ತದೆಯೇ? ಬರುತ್ತದೆ, ತುಂಬ ರೂಟರುಗಳಲ್ಲಿ ಬರುತ್ತದೆ. ಹೊರಗೆ ಬೇರೆ ಬೇರೆ ಬಣ್ಣ ಬಳಿದಿದ್ದರೂ ಒಳಗೆ ಎಷ್ಟೋ ಪೆಟ್ಟಿಗೆಗಳಲ್ಲಿ ಐದೂ ತೂತುಗಳು, ಅವನ್ನು ಒಂದಕ್ಕೊಂದು ಸೇರಿಸುವ ಒಂದೇ ಸ್ವಿಚ್ ಚಿಪ್ಪಿಗೆ ಹೋಗುತ್ತವೆ. ನಾಲ್ಕು ಒಂದು ಗುಂಪು, ಒಂದು ಬೇರೆ ಗುಂಪು ಅಂತ ಗೆರೆ ಹಾಕುವುದು ಸಾಫ್ಟ್‌ವೇರ್. ಆ ಗೆರೆಗೆ ವಿಎಲ್ಯಾನ್ ಅನ್ನುತ್ತಾರೆ. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರಿನಲ್ಲೇ ಹೀಗಿತ್ತು. ಅದರ ಸಾಫ್ಟ್‌ವೇರಿನಲ್ಲಿ ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ಲಿನಕ್ಸ್ ಇತ್ತು. ಲೈಸೆನ್ಸಿನ ಪ್ರಕಾರ ಮೂಲ ಕೋಡನ್ನು ಹೊರಗೆ ಬಿಡಬೇಕಾಗಿ ಬಂತು. ಅದನ್ನು ಹಿಡಿದು 2004ರಲ್ಲಿ, ಕಂಪನಿಯದರ ಬದಲು ನಾವೇ ರೂಟರಿಗೆ ಹಾಕಿಕೊಳ್ಳಬಹುದಾದ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನ ಬಾಲದಲ್ಲಿ ಆ ರೂಟರಿನ ಹೆಸರು ಇವತ್ತಿಗೂ ಉಳಿದಿದೆ. ಗೆರೆ ಎಲ್ಲಿ ಬೀಳಬೇಕು ಅನ್ನೋದು ಅಲ್ಲಿಂದ ಬಳಸುವವರ ಕೈಗೆ ಬಂತು.

ದೊಡ್ಡಪ್ಪನ ರೂಟರಿಗೆ ನಾನೇ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಟ್ಟಿದ್ದೆ. ಭಾನುವಾರ ಕೂತು ಮಾಡಿದ್ದು ಇಷ್ಟು. ಲ್ಯಾನ್ ತೂತುಗಳನ್ನು ಒಟ್ಟಿಗೆ ಕಟ್ಟಿರುವ ಬ್ರಿಡ್ಜಿನಿಂದ ನಾಲ್ಕನೆಯದನ್ನು ಬಿಡಿಸಿದೆ. ಸೆಟ್ಟಿಂಗಿನಲ್ಲಿ ವ್ಯಾನ್ ಅಂತ ಹೆಸರಿಟ್ಟ ಸಂಪರ್ಕ, ಅಂದರೆ ಇಂಟರ್‌ಫೇಸ್, ಸುಟ್ಟ ತೂತನ್ನು ಹಿಡಿದುಕೊಂಡಿತ್ತು, ಅದರ ಜಾಗಕ್ಕೆ ಈ ನಾಲ್ಕನೆಯದನ್ನು ಕೊಟ್ಟೆ. ಹೊಸ ಬಗೆಯ ವಿಳಾಸವಾದ ಐಪಿವಿ6ಗೆ ಇರುವ ಜೋಡಿ ಇಂಟರ್‌ಫೇಸಿಗೂ ಅದೇ. ಫೈರ್‌ವಾಲ್ ಮುಟ್ಟಲಿಲ್ಲ. ಅದು ತೂತನ್ನು ಕಾಯೋದಿಲ್ಲ, ವ್ಯಾನ್ ಅನ್ನುವ ಹೆಸರನ್ನು ಕಾಯುತ್ತದೆ. ಹೆಸರು ಎಲ್ಲಿಗೆ ಹೋಯಿತೋ ಕಾವಲೂ ಅಲ್ಲಿಗೆ ಹೋಯಿತು. ಈ ಬರಹ ಪೂರ್ತಿ ನಾನು ಹೇಳುತ್ತಿರುವುದನ್ನೇ ಆ ಸಾಫ್ಟ್‌ವೇರ್ ಬರೆದವರು ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ.

ಇನ್ನೆರಡು ಕೆಲಸ ಉಳಿದಿತ್ತು. ಡಿಎಚ್‌ಸಿಪಿ ಮತ್ತೆ ಆನ್. ಆಮೇಲೆ ರೂಟರಿನ ಒಳವಿಳಾಸವನ್ನು 192.168.2.1 ಮಾಡಿದ್ದು. ಮೇಲಿನ ಪೆಟ್ಟಿಗೆ 192.168.1 ಬಳಸುತ್ತದೆ. ಹೊಸ್ತಿಲಿನ ಎರಡೂ ಬದಿಗೆ ಒಂದೇ ಸಾಲಿನ ವಿಳಾಸಗಳಿದ್ದರೆ ಯಾವ ಪತ್ರ ಒಳಗಿನದು, ಯಾವುದು ಹೊರಗಿನದು ಅಂತ ರೂಟರಿಗೆ ತಿಳಿಯೋದಿಲ್ಲ. ಲ್ಯಾನನ್ನು ವ್ಯಾನ್ ಮಾಡಿದೆ, ಆದರೂ ನೆಟ್ ಬರಲಿಲ್ಲ ಅನ್ನುವವರಲ್ಲಿ ಸುಮಾರು ಜನ ಎಡವುವುದು ಇಲ್ಲೇ.

ಮಾಡುವವರಿಗೆ ಒಂದೆರಡು ಎಚ್ಚರಿಕೆ ಮಾತು. ಯಾವ ತೂತನ್ನು ಬದಲಾಯಿಸುತ್ತೀರೋ ಅದೇ ತೂತಿನ ಕೇಬಲ್ ಮೇಲೆ ಕೂತು ಸೆಟ್ಟಿಂಗ್ ಮಾಡಬೇಡಿ. ಬದಲಾದ ಕ್ಷಣ ನೀವೇ ಹೊಸ್ತಿಲಿನ ಹೊರಗೆ, ಫೈರ್‌ವಾಲ್ ನಿಮ್ಮನ್ನೂ ಒಳಗೆ ಬಿಡೋದಿಲ್ಲ. ಪೆಟ್ಟಿಗೆಯ ಮೇಲೆ 4 ಅಂತ ಬರೆದದ್ದು ಒಳಗೆ ಬೇರೆ ನಂಬರ್ ಆಗಿರಬಹುದು, ಕೇಬಲ್ ಹಾಕಿ ತೆಗೆದು ಪರದೆಯಲ್ಲಿ ಯಾವುದು ಮಿನುಗುತ್ತದೆ ನೋಡಿಕೊಳ್ಳಿ. ಊರಿನ ಕೇಬಲ್ ಆಪರೇಟರ್ ಕೊಟ್ಟ ಇಂಟರ್ನೆಟ್ ಆದರೆ ಅವರು ಹಳೆಯ ತೂತಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ತಮ್ಮಲ್ಲಿ ಬರೆದಿಟ್ಟುಕೊಂಡಿರಬಹುದು. ಹೊಸದಕ್ಕೆ ಅದೇ ಮ್ಯಾಕ್ ಕೊಡಿ, ಇಲ್ಲವೇ ಅವರಿಗೆ ಫೋನ್ ಮಾಡಿ. ಇನ್ನು ಸಿಡಿಲು ಚಿಪ್ಪನ್ನೇ ಸುಟ್ಟಿದ್ದರೆ ಐದೂ ಹೋದಂತೆ, ಸುಮ್ನೆ ಶ್ರಮ.

ಕಂಪನಿಯ ಸಾಫ್ಟ್‌ವೇರೇ ಇರುವ ಎಷ್ಟೋ ರೂಟರುಗಳಲ್ಲಿ ಈ ಅವಕಾಶವೇ ಇರೋದಿಲ್ಲ. ಆದರೆ ಫೋನ್ ತಂತಿಯ ಕಾಲದ ಎಡಿಎಸ್ಎಲ್ ಮೋಡೆಮ್ ರೂಟರುಗಳನ್ನು ಒಮ್ಮೆ ಅಟ್ಟದಿಂದ ಇಳಿಸಿ ನೋಡಿ. ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಫೈಬರ್ ಬಂದಮೇಲೆ ಅವು ಮೂಲೆ ಸೇರಿವೆ. ಅವುಗಳಲ್ಲಿ ವ್ಯಾನ್ ಅಂತ ಬೇರೆ ಈಥರ್ನೆಟ್ ತೂತಿಲ್ಲ. ಫೋನಿನ ಸಣ್ಣ ತೂತೇ ಅವುಗಳ ತಲೆಬಾಗಿಲು. ಅದಕ್ಕೇ ಕೆಲವು ಮಾದರಿಗಳಲ್ಲಿ ನಾಲ್ಕನೆಯ ತೂತಿನ ಮೇಲೆ "ಲ್ಯಾನ್4/ವ್ಯಾನ್" ಅಂತಲೇ ಅಚ್ಚಾಗಿದೆ, ಸೆಟ್ಟಿಂಗಿನಲ್ಲಿ ಈಥರ್ನೆಟ್ ವ್ಯಾನ್ ಆರಿಸಿಕೊಂಡರೆ ಆಯಿತು. ಒಂದೇ ತೂತಿಗೆ ಎರಡು ಹೆಸರು ಬರೆದು ತಯಾರಿಸಿದವರೇ ಒಪ್ಪಿಕೊಂಡಿದ್ದಾರೆ, ವ್ಯಾನ್ ತೂತಿನ ಹೆಸರಲ್ಲ, ಕೆಲಸದ ಹೆಸರು ಅಂತ. ಹಳೆಯವುಗಳ ವೇಗ ಸಾಮಾನ್ಯವಾಗಿ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. ಒಂದು ಅಂಗಡಿಗೋ ಮಾಳಿಗೆ ಕೋಣೆಗೋ ಅದು ಧಾರಾಳ ಸಾಕು. "ವ್ಯಾನ್ ಇಲ್ಲ, ಗುಜರಿಗೆ ಹಾಕಿ" ಅನ್ನುವವರು ಒಮ್ಮೆ ಆ ಅಕ್ಷರ ಓದಿದ್ದರೆ ಸಾಕಿತ್ತು.

ಸಂಖ್ಯೆಯ ಪೋರ್ಟ್ ಬೇರೆ. 80, 443 ಅಂತ ಕೇಳಿರುತ್ತೀರಲ್ಲ, ಅವು ತೂತುಗಳಲ್ಲ, ಒಂದೇ ವಿಳಾಸದೊಳಗಿನ ಕೋಣೆ ನಂಬರುಗಳು. ಪೋರ್ಟ್ ಫಾರ್ವರ್ಡ್ ಮಾಡಬೇಕು, ಅಂದರೆ ಒಂದು ನಂಬರಿಗೆ ಹೊರಗಿನಿಂದ ಬಂದವರನ್ನು ಒಳಗಿನ ಒಂದು ಸಾಧನಕ್ಕೆ ಕಳಿಸಬೇಕು ಅಂದಾಗ ಕೇಬಲ್ ಕೀಳಲು ಹೋಗಬೇಡಿ. ಸಿಮ್ ಪೋರ್ಟ್ ಮಾಡಿಸೋದು ಮೂರನೆಯದು, ಹೊತ್ತು ಸಾಗಿಸು ಅನ್ನುವ ಕ್ರಿಯಾಪದದ ಕುಟುಂಬ. ಅದಕ್ಕೂ ಬಾಗಿಲಿಗೂ ಇಲ್ಲಿ ಸಂಬಂಧವಿಲ್ಲ.

ಕೆಲಸ ಮುಗಿದ ಮೇಲೆ ದೊಡ್ಡಪ್ಪ ಬಿಳಿ ಟೇಪು ತಂದುಕೊಟ್ಟರು. ಸುಟ್ಟ ನೀಲಿ ತೂತಿನ ಬಾಯಿಗೆ ಅಡ್ಡ ಒಂದು ತುಂಡು ಅಂಟಿಸಿದೆವು. ಹಳದಿಯ ನಾಲ್ಕನೆಯದರ ಮೇಲೆ ಇನ್ನೊಂದು ತುಂಡು ಅಂಟಿಸಿ ಪೆನ್ನಿನಲ್ಲಿ "ವ್ಯಾನ್" ಅಂತ ಬರೆದೆ. ಇದನ್ನು ಮಾತ್ರ ಮರೆಯಬೇಡಿ. ಮುಂದಿನ ಸಲ ಬರುವವರು ಬಣ್ಣ ನೋಡಿಯೇ ಕೇಬಲ್ ಹಾಕುತ್ತಾರೆ.