ಶ್ರೀನಿವಾಸನೋ, ಮಂಜುನಾಥನೋ, ಮಯೂರನೋ?

ಪ್ರಶ್ನೆ: ನಮಗೆ ಗಂಡು ಮಗು ಹುಟ್ಟಿದೆ. ತೀರಿಹೋದ ಮಾವನವರ ಹೆಸರು ಶ್ರೀನಿವಾಸ, ಅದನ್ನೇ ಇಡಬೇಕು ಅಂತ ಅತ್ತೆಯವರ ಆಸೆ. ನಮ್ಮ ಅಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದರು, ಹಾಗಾಗಿ ಮಂಜುನಾಥ ಅಂತಾರೆ. ನನಗೂ ನಮ್ಮ ಯಜಮಾನರಿಗೂ ಮಯೂರ ಇಷ್ಟ. ಮೂರೂ ಹಳೇ ಹೆಸರುಗಳೇ ಅಲ್ವಾ? ಯಾವುದನ್ನು ಇಡೋದು?

ಉತ್ತರ: ಮೂರೂ ಒಳ್ಳೆಯ ಹೆಸರುಗಳೇ. ಅರ್ಥ ನೋಡಿ ಆರಿಸೋಕೆ ಹೋದರೆ ಇಲ್ಲಿ ಏನೂ ತೀರ್ಮಾನ ಆಗಲ್ಲ. ನಾನಾಗಿದ್ದರೆ ಒಂದೇ ಒಂದು ವಿಷಯ ನೋಡುತ್ತಿದ್ದೆ. ಈ ಮಗುವನ್ನು ದಿನಾ ಯಾರು ಕೂಗುತ್ತಾರೆ, ಏನಂತ ಕೂಗುತ್ತಾರೆ?

ಹಳೇ ಹೆಸರನ್ನು ನಮ್ಮ ಜನ ಪೂರ್ತಿ ಕರೆಯುವುದೇ ಇಲ್ಲ. ಶ್ರೀನಿವಾಸ ಬೀದಿಗೆ ಇಳಿದ ಕೂಡಲೇ ಸೀನ. ಕೃಷ್ಣ ಕಿಟ್ಟಿ, ನಾರಾಯಣ ನಾಣಿ, ಸುಬ್ರಹ್ಮಣ್ಯ ಸುಬ್ಬು. ಹುಬ್ಬಳ್ಳಿ ಕಡೆ ಬಸವರಾಜ ಗೆಳೆಯರ ಬಾಯಲ್ಲಿ ಬಸ್ಯಾ, ಮಲ್ಲಿಕಾರ್ಜುನ ಮಲ್ಲ್ಯಾ. ನಲವತ್ತು ದಾಟಿದ ಮೇಲೆ ಇದೇ ಸೀನ ಸೀನಣ್ಣ ಆಗುತ್ತಾನೆ, ಆಮೇಲೆ ಸೀನಪ್ಪ. ಶ್ರೀನಿವಾಸ ಅಂತ ಪೂರ್ತಿ ಕರೆಯೋದು ಮೇಷ್ಟ್ರು ಹಾಜರಿ ಕೂಗುವಾಗ, ಬ್ಯಾಂಕಿನವರು ಟೋಕನ್ ಕರೆಯುವಾಗ, ಅಷ್ಟೇ. ಸೀನ ಅಂತ ಕೇಳಿದರೆ ನಿಮಗೆ ಮುಖ ಸಿಂಡರಿಸುವಂತಾಗುತ್ತದಾ? ಹಾಗಿದ್ದರೆ ಆ ಹೆಸರು ನಿಮಗಲ್ಲ. ‘ನಾವು ಪೂರ್ತಿ ಹೆಸರೇ ಕರೀತೀವಿ’ ಅಂತ ನೀವು ಹಟ ಹಿಡಿಯಬಹುದು. ಪಕ್ಕದ ಮನೆ ಹುಡುಗರು ಕೇಳಬೇಕಲ್ಲ!

ಇನ್ನು ತಾತನ ಹೆಸರಿನ ವಿಚಾರ. ಮೊದಲ ಮೊಮ್ಮಗನಿಗೆ ತಾತನ ಹೆಸರು ಇಡೋದು ನಮ್ಮಲ್ಲಿ ಬಹಳ ಮನೆಗಳ ಪದ್ಧತಿ. ಆದರೆ ಅದೇ ಮನೆಗಳಲ್ಲಿ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಆಗ ತಾಯಿ ಮಗುವನ್ನು ಏನಂತ ಕರೀಬೇಕು? ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ತಾತನ ಹೆಸರಿನ ಹುಡುಗರು ಪುಟ್ಟ, ಅಪ್ಪು, ಅಪ್ಪಾಜಿ ಆಗಿ ಬೆಳೆದಿರುತ್ತಾರೆ. ಬೈಯೋದಂತೂ ಇನ್ನೂ ಕಷ್ಟ. ಅತ್ತೆ ಪಕ್ಕದಲ್ಲೇ ಕೂತಿರುವಾಗ ‘ಲೇ ಸೀನ, ಎಷ್ಟು ಸಲ ಹೇಳಬೇಕೋ ನಿನಗೆ’ ಅನ್ನೋಕೆ ಯಾವ ಸೊಸೆಗೆ ಬಾಯಿ ಬರುತ್ತದೆ?

ಇದಕ್ಕೆ ಹಿರಿಯರು ಕಂಡುಕೊಂಡ ಒಂದು ದಾರಿ ಇದೆ. ಅದೇ ದೇವರು, ಬೇರೆ ಹೆಸರು. ತಿರುಪತಿಯ ಒಬ್ಬನೇ ದೇವರಿಗೆ ಶ್ರೀನಿವಾಸ, ವೆಂಕಟೇಶ, ಗೋವಿಂದ, ತಿಮ್ಮಪ್ಪ ಅಂತೆಲ್ಲ ಹೆಸರಿವೆ. ತಾತ ಶ್ರೀನಿವಾಸ, ಮೊಮ್ಮಗ ಗೋವಿಂದ. ಅತ್ತೆಗೂ ಸಮಾಧಾನ, ನಿಮಗೂ ಕೂಗೋಕೆ ಒಂದು ಹೆಸರು ಸಿಕ್ಕಿತು. ನಂಜುಂಡ ಅಂತ ಇಡೋಕೆ ಹಿಂಜರಿಯುವವರು ಶ್ರೀಕಂಠ ಅಂತ ಇಡುವುದೂ ಹೀಗೆಯೇ. ನಂಜನಗೂಡಿನ ದೇವರಿಗೆ ಎರಡೂ ಹೆಸರಿದೆ.

ಮಂಜುನಾಥ ಅಂದರೆ ಧರ್ಮಸ್ಥಳ. ನಮ್ಮ ಹಳೇ ಹೆಸರುಗಳಲ್ಲಿ ಹೀಗೆ ಊರು ಅಡಗಿರುತ್ತದೆ. ಮಾದೇಶ ಅಂದರೆ ಚಾಮರಾಜನಗರದ ಮಲೆ ಮಹದೇಶ್ವರ ಬೆಟ್ಟದ ಒಕ್ಕಲು ಅಂತ ಗೊತ್ತಾಗಿಬಿಡುತ್ತದೆ. ಗವಿಸಿದ್ಧಪ್ಪ ಅಂದರೆ ಕೊಪ್ಪಳ, ಶರಣಬಸಪ್ಪ ಅಂದರೆ ಕಲಬುರಗಿ, ಚೆಲುವರಾಯ ಅಂದರೆ ಮೇಲುಕೋಟೆ. ರಾಜ್‌ಕುಮಾರ್ ಅವರ ಹುಟ್ಟು ಹೆಸರು ಮುತ್ತುರಾಜ, ಮುತ್ತತ್ತಿಯ ಆಂಜನೇಯನಿಂದ ಬಂದದ್ದು. ಬೆಂಗಳೂರಿನಲ್ಲೋ ಡಲ್ಲಾಸ್‌ನಲ್ಲೋ ಬೆಳೆಯುವ ಹುಡುಗನಿಗೆ ಊರಿನ ನಂಟು ಇಷ್ಟು ಸುಲಭಕ್ಕೆ ಇನ್ನೆಲ್ಲಿ ಸಿಗುತ್ತದೆ? ಈ ಗುಂಪಿನ ಹೆಸರುಗಳ ಕಡೆಗೆ ನನಗೆ ಸ್ವಲ್ಪ ಒಲವು ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮ ಅಮ್ಮನನ್ನು ಮೊದಲು ಒಂದು ಮಾತು ಕೇಳಿ. ಹೊತ್ತ ಹರಕೆ ಹೆಸರಿನದೋ, ಮುಡಿಯದೋ? ಮುಡಿಯದಾದರೆ ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಟು ಬನ್ನಿ. ಹೆಸರಿನ ಋಣ ಏನೂ ಇರುವುದಿಲ್ಲ.

ಮಯೂರ ಬೇರೆ ಥರದ ಹಳೇ ಹೆಸರು. ಕದಂಬರ ಮಯೂರಶರ್ಮ ನಾಲ್ಕನೇ ಶತಮಾನದವನು, ಬನವಾಸಿಯಲ್ಲಿ ರಾಜ್ಯ ಕಟ್ಟಿದವನು. ನಮ್ಮಲ್ಲಿ ಬಹಳ ಜನರ ಕಣ್ಣಿಗೆ ಬರೋದು ಮಾತ್ರ 1975ರ ಸಿನಿಮಾದ ರಾಜ್‌ಕುಮಾರ್ ಮುಖ. ಮನೆಯಲ್ಲಿ ಯಾರಿಗೂ ಇಲ್ಲದ ಹೆಸರು ಬೇಡ ಅಂತ ಹಿರಿಯರು ಅಂದರೆ ಕುವೆಂಪು ಮನೆಯನ್ನು ನೆನಪಿಸಿ. ತಂದೆ ವೆಂಕಟಪ್ಪ, ಮಗ ಪುಟ್ಟಪ್ಪ. ಆ ಪುಟ್ಟಪ್ಪನವರು 1938ರಲ್ಲಿ ಹುಟ್ಟಿದ ಮಗನಿಗೆ ಇಟ್ಟದ್ದು ಪೂರ್ಣಚಂದ್ರ ತೇಜಸ್ವಿ, ಇನ್ನೊಬ್ಬನಿಗೆ ಕೋಕಿಲೋದಯ ಚೈತ್ರ! ಅದಕ್ಕೂ ಹಿಂದೆ, ಹತ್ತನೇ ಶತಮಾನದಲ್ಲಿ, ಕವಿ ರನ್ನ ತನಗೆ ಆಶ್ರಯ ಕೊಟ್ಟ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಅಂತ ಹೆಸರಿಟ್ಟಿದ್ದ.

ಜಾತಕದ ಅಕ್ಷರ ನೋಡುವವರಾದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108 ಅಕ್ಷರ. ಹಸ್ತ ನಕ್ಷತ್ರದ ಮೂರನೇ ಪಾದಕ್ಕೆ ಬರೋದು ‘ಣ’. ಆರಿದ್ರಾ ಮೂರನೇ ಪಾದಕ್ಕೆ ‘ಙ’. ಅದರಲ್ಲಿ ಯಾವ ಹೆಸರು ಹುಡುಕುತ್ತೀರಿ? ನಕ್ಷತ್ರನಾಮ ಒಂದು ತೊಟ್ಟಿಲ ಹತ್ತಿರ ಕಿವಿಯಲ್ಲಿ ಹೇಳಿ, ವ್ಯವಹಾರಕ್ಕೆ ಬೇರೆ ಇಟ್ಟುಕೊಳ್ಳುವ ರೂಢಿ ಇದ್ದೇ ಇದೆ. ಅತ್ತೆಯವರ ಶ್ರೀನಿವಾಸನಿಗೂ ಇಲ್ಲೇ ಜಾಗ ಮಾಡಬಹುದು.

ನನ್ನ ಓಟು ಕೇಳಿದರೆ, ದಾಖಲೆಗೆ ಗೋವಿಂದ, ಅದು ಒಗ್ಗದಿದ್ದರೆ ಮಯೂರ. ಮೂರನ್ನೂ ಸೇರಿಸಿ ಮಯೂರ ಮಂಜುನಾಥ ಶ್ರೀನಿವಾಸ ಅಂತ ಮಾತ್ರ ಬರೆಸಬೇಡಿ. ಮುಂದೆ ಪ್ರತಿ ಅರ್ಜಿಯಲ್ಲೂ ಆ ಹುಡುಗ ಚೌಕಗಳನ್ನು ಎಣಿಸುತ್ತಾ ಕೂರಬೇಕಾಗುತ್ತದೆ.

ಅವಸರವಂತೂ ಇಲ್ಲ. ಜನನ ನೋಂದಣಿ 21 ದಿನದೊಳಗೆ ಆಗಬೇಕು ನಿಜ, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸೋಕೆ ಅವಕಾಶ ಇದೆ. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಇಂಗ್ಲಿಷ್ ಕಾಗುಣಿತ ಬರೆಸುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಮಯೂರ ಅಂತ ಬರೆದು ಕೊನೆಗೆ ‘ಎ’ ಹಾಕಿದರೆ ಹೊರಗಿನವರು ಮಯೂರಾ ಅಂತ ಎಳೆದು ಹುಡುಗಿ ಅಂದುಕೊಳ್ಳುತ್ತಾರೆ, ಬಿಟ್ಟರೆ ಮಯೂರ್ ಅಂತ ಕಡಿಯುತ್ತಾರೆ. ಎರಡರಲ್ಲಿ ಯಾವುದನ್ನು ಸಹಿಸಿಕೊಳ್ಳುತ್ತೀರೋ ಅದನ್ನು ಆರಿಸಿ. ಮನೆತನದ ಹೆಸರು ಇಲ್ಲದವರು ಅಪ್ಪನ ಹೆಸರನ್ನು ಇನಿಷಿಯಲ್ ಆಗಿ ಬಿಡದೆ ಪೂರ್ತಿ ಬರೆಸಿ. ಪಾಸ್‌ಪೋರ್ಟ್‌ನಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋದರೆ, ಅಮೆರಿಕದ ವೀಸಾದಲ್ಲಿ ಹುಡುಗನ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಅಂತ ಬರುತ್ತದೆ. ಇವನ ಹೆಸರು ಗೊತ್ತಿಲ್ಲ ಅಂತ!