ವಿಮಾನ ಇಳಿದ ಮೇಲೆ ಯಾವ ಹೊತ್ತಿನ ಬಿಸಿಲು ಬೇಕು? ಜೆಟ್ ಲ್ಯಾಗ್ ಟಿಪ್ಪಣಿ

ದೂರದ ಊರಿಗೆ ಹಾರಿದಾಗ ದೇಹದ ಹೊತ್ತು ಅಲ್ಲಿನ ಹೊತ್ತಿಗೆ ಹೊಂದದೆ ನಿದ್ದೆ ಕೆಡುವುದೇ ಜೆಟ್ ಲ್ಯಾಗ್. ಅದಕ್ಕೆ ಏನು ಮಾಡಬೇಕು ಅಂತ ಯಾರನ್ನೇ ಕೇಳಿ, "ಇಳಿದ ತಕ್ಷಣ ಬಿಸಿಲಿಗೆ ಹೋಗಿ" ಅನ್ನುತ್ತಾರೆ. ಇದು ಅರ್ಧ ಮಾತ್ರ ಸರಿ. ಬೆಳಕೇ ಮುಖ್ಯ ಮದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ತಪ್ಪು ಹೊತ್ತಿನ ಬೆಳಕು ಒಳಗಿನ ಗಡಿಯಾರವನ್ನು ಉಲ್ಟಾ ದಿಕ್ಕಿಗೆ ತಳ್ಳುತ್ತದೆ. ಜೈವಿಕ ಗಡಿಯಾರದ ಪಾಠ ಓದುವವರು ಇದೊಂದನ್ನು ಸರಿಯಾಗಿ ಹಿಡಿದುಕೊಂಡರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ.

ಮೊದಲು ಗಡಿಯಾರದ ವಿಷಯ. ಮಿದುಳಿನ ಹೈಪೊಥಲಾಮಸ್ ಅನ್ನುವ ಭಾಗದಲ್ಲಿ, ಎರಡೂ ಕಣ್ಣಿನ ನರಗಳು ಸೇರಿ ದಾಟುವ ಜಾಗದ ಸ್ವಲ್ಪ ಮೇಲೆ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅನ್ನುವ ನರಕೋಶಗಳ ಪುಟ್ಟ ಗುಂಪಿದೆ. ದೇಹದ ಮುಖ್ಯ ಗಡಿಯಾರ ಇದೇ. ಹೊರಗೆ ಬೆಳಕಿಲ್ಲದಿದ್ದರೂ ಒಳಗಿನ ಗಡಿಯಾರ ನಡೆಯುತ್ತಲೇ ಇರುತ್ತದೆ. ಇದರ ಸುಳಿವು ಮೊದಲು ಸಿಕ್ಕಿದ್ದು ಗಿಡದಲ್ಲಿ: 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೇರಾನ್, ಮುಟ್ಟಿದರೆ ಮುನಿ ಜಾತಿಯ ಗಿಡವನ್ನು ಕತ್ತಲಲ್ಲಿ ಇಟ್ಟರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿ ಮುಚ್ಚುವುದನ್ನು ಗಮನಿಸಿದರು. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಅನ್ನುವುದನ್ನು ಬಿಡಿಸಿದ್ದಕ್ಕೆ ಅಮೆರಿಕದ ವಿಜ್ಞಾನಿಗಳಾದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಂತು. ಅವರು ನೋಡಿದ್ದು ಮಾಗಿದ ಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣಗಳನ್ನು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಅದೇ ನೊಣಗಳ ಗಡಿಯಾರದ ಮೇಲೆ ಕೆಲಸ ನಡೆಯುತ್ತದೆ. ಈ ವಿಷಯದಲ್ಲಿ ಆಸಕ್ತಿ ಇರುವವರು ಗಮನದಲ್ಲಿಟ್ಟುಕೊಳ್ಳಿ.

ಮನುಷ್ಯರ ಒಳಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸ್ವಲ್ಪ ಜಾಸ್ತಿ, ಸುಮಾರು 24.2 ಗಂಟೆ. ಅಂದರೆ ಅದಕ್ಕೆ ತಡವಾಗುವುದೇ ಸುಲಭ. ರಾತ್ರಿ ಒಂದು ಗಂಟೆ ತಡವಾಗಿ ಮಲಗುವುದು ಕಷ್ಟವಲ್ಲ, ಒಂದು ಗಂಟೆ ಮುಂಚೆ ಮಲಗಿದರೆ ಸುಮ್ನೆ ಹೊರಳಾಡಬೇಕು, ಅಲ್ವಾ? ಪಶ್ಚಿಮಕ್ಕೆ ಹೋದಾಗ ಗಡಿಯಾರ ತಡವಾಗಬೇಕು, ಪೂರ್ವಕ್ಕೆ ಹೋದಾಗ ಬೇಗ ಆಗಬೇಕು. ಹಾಗಾಗಿ ಪಶ್ಚಿಮಕ್ಕೆ ದಿನಕ್ಕೆ ಸುಮಾರು ಒಂದೂವರೆ ಗಂಟೆ ಹೊಂದಿಕೊಂಡರೆ, ಪೂರ್ವಕ್ಕೆ ಒಂದೇ ಗಂಟೆ ಅಂತ ಲೆಕ್ಕ. ಇದು ಸರಾಸರಿ ಅಷ್ಟೇ, ಒಬ್ಬೊಬ್ಬರಿಗೆ ಒಂದೊಂದು ಥರ.

ಈಗ ತಿರುಳಿಗೆ ಬರೋಣ. ರಾತ್ರಿ ದೇಹದ ಉಷ್ಣಾಂಶ ಇಳಿಯುತ್ತಾ ಹೋಗಿ, ನೀವು ಮಾಮೂಲಾಗಿ ಏಳುವುದಕ್ಕೆ ಎರಡು ಮೂರು ಗಂಟೆ ಮುಂಚೆ ತೀರಾ ಕಡಿಮೆಯಾಗುತ್ತದೆ. ಬೆಳಿಗ್ಗೆ 6ಕ್ಕೆ ಏಳುವವರಿಗೆ ಅದು ಹೆಚ್ಚುಕಡಿಮೆ 4 ಗಂಟೆ. ಇದನ್ನು ತಳದ ಹೊತ್ತು ಅಂತ ಕರೆಯೋಣ. ತಳಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಕಣ್ಣಿಗೆ ಬೆಳಕು ಬಿದ್ದರೆ ಗಡಿಯಾರ ತಡವಾಗುತ್ತದೆ, ತಳ ದಾಟಿದ ಮೇಲೆ ಬಿದ್ದರೆ ಬೇಗ ಆಗುತ್ತದೆ. ತಳಕ್ಕೆ ಹತ್ತಿರವಾದಷ್ಟೂ ತಳ್ಳುವಿಕೆ ಜೋರು. ವಿಮಾನ ಇಳಿದ ದಿನ ನಿಮ್ಮ ತಳ ಇನ್ನೂ ಹಳೆಯ ಊರಿನ ಗಂಟೆಯಲ್ಲೇ ಕೂತಿರುತ್ತದೆ. ಎಡವಟ್ಟಾಗುವುದು ಇಲ್ಲೇ.

ಬೇಸಿಗೆಯಲ್ಲಿ ಲಂಡನ್‌ನಿಂದ ಬೆಂಗಳೂರಿಗೆ ಬರುವವರನ್ನು ನೋಡಿ. ವ್ಯತ್ಯಾಸ ನಾಲ್ಕೂವರೆ ಗಂಟೆ. ಲಂಡನ್‌ನ 4 ಗಂಟೆಯ ತಳ ಇಲ್ಲಿ ಬೆಳಿಗ್ಗೆ 8:30. ಬೆಳಗಿನ ಜಾವ ಇಳಿದು, ಒಳ್ಳೆಯದಾಗಲಿ ಅಂತ 6:30ಕ್ಕೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿದರೆ ಆ ಬೆಳಕೆಲ್ಲ ತಳಕ್ಕೆ ಮುಂಚೆ ಬಿತ್ತು. ಗಡಿಯಾರ ಬೇಗ ಆಗಬೇಕಾದವರು ಇನ್ನೂ ತಡವಾದರು, ಅವತ್ತು ರಾತ್ರಿ ಎರಡಾದರೂ ನಿದ್ದೆ ಇಲ್ಲ. ಸರಿಯಾದ ದಾರಿ ಅಂದರೆ 9 ಗಂಟೆವರೆಗೆ ಪರದೆ ಎಳೆದು ಒಳಗಿರುವುದು, ಟ್ಯಾಕ್ಸಿಯಲ್ಲಿದ್ದರೆ ಕಪ್ಪು ಕನ್ನಡಕ ಹಾಕಿಕೊಳ್ಳುವುದು, ಆಮೇಲೆ 9ರಿಂದ 12ರವರೆಗೆ ಚೆನ್ನಾಗಿ ಹೊರಗೆ ಓಡಾಡುವುದು. ಮರುದಿನ 8ಕ್ಕೇ ಹೊರಡಬಹುದು, ಅದರ ಮರುದಿನ 7ಕ್ಕೆ. ದಿನ ಕಳೆದಂತೆ ತಳವೂ ಹಿಂದೆ ಸರಿಯುತ್ತಿರುತ್ತದೆ.

ಇನ್ನೊಂದು, ನಮ್ಮವರಿಗೆ ತೀರಾ ಪರಿಚಿತವಾದದ್ದು: ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗುವ ಅಪ್ಪ ಅಮ್ಮ. ಬೇಸಿಗೆಯಲ್ಲಿ ವ್ಯತ್ಯಾಸ ಒಂಬತ್ತೂವರೆ ಗಂಟೆ. ಬೆಂಗಳೂರಿನ 4 ಗಂಟೆಯ ತಳ ಅಲ್ಲಿ ಸಂಜೆ 6:30! ಊಟಕ್ಕೆ ಕೂತಲ್ಲೇ ಅಪ್ಪ ತೂಕಡಿಸುವುದು, ರಾತ್ರಿ ಎರಡಕ್ಕೆ ಅಮ್ಮ ಎದ್ದು ಅಡುಗೆಮನೆಯಲ್ಲಿ ಕಾಫಿಪುಡಿ ಹುಡುಕುವುದು ಇದರಿಂದಲೇ. ಇವರು ಪಶ್ಚಿಮಕ್ಕೆ ಹೋಗಿದ್ದಾರೆ, ಗಡಿಯಾರ ತಡವಾಗಬೇಕು. ಹಾಗಾಗಿ ಮೊದಲ ದಿನಗಳಲ್ಲಿ ಮಧ್ಯಾಹ್ನ 3ರಿಂದ 6ರವರೆಗೆ ಅವರನ್ನು ಮನೆಯೊಳಗೆ ಬಿಡಬೇಡಿ, ಪಾರ್ಕಿಗೋ ಅಂಗಡಿಗೋ ನಡೆಸಿಕೊಂಡು ಹೋಗಿ. ದಿನಾ ಒಂದೊಂದೂವರೆ ಗಂಟೆ ತಡವಾಗುತ್ತಾ ಬಂದರೂ ಪೂರ್ತಿ ಹೊಂದಿಕೊಳ್ಳಲು ಒಂದು ವಾರ ಬೇಕು. "ಏನಮ್ಮ, ಇನ್ನೂ ಸರಿಹೋಗಿಲ್ವಾ" ಅಂತ ಮೂರನೇ ದಿನವೇ ಕೇಳುವುದು ನ್ಯಾಯವಲ್ಲ.

ಮಿಕ್ಕದ್ದು ಚಿಕ್ಕದಾಗಿ. ಎರಡು ಮೂರು ದಿನದ ಕೆಲಸಕ್ಕೆ ಹೋಗುತ್ತಿದ್ದರೆ ಗಡಿಯಾರ ಬದಲಿಸುವ ಗೋಜಿಗೇ ಹೋಗಬೇಡಿ. ಸಾಧ್ಯವಾದಷ್ಟೂ ಹಳೆಯ ಊರಿನ ಸಮಯಕ್ಕೇ ಮಲಗಿ ಏಳಿ. ಹಗಲು ತಡೆಯಲಾಗದಷ್ಟು ನಿದ್ದೆ ಬಂದರೆ 20-30 ನಿಮಿಷ ಮಲಗಿ, ಅಲಾರಂ ಇಟ್ಟುಕೊಂಡೇ. ಕಾಫಿ ಕುಡಿದು ಐದಾರು ಗಂಟೆಯಾದರೂ ಅದರ ಕೆಫೀನಿನ ಅರ್ಧದಷ್ಟು ದೇಹದಲ್ಲೇ ಉಳಿದಿರುತ್ತದೆ, ಸಂಜೆಯ ಲೋಟ ಬಿಟ್ಟರೆ ಒಳ್ಳೆಯದು. ಹೊಟ್ಟೆ, ಯಕೃತ್ತಿಗೂ ಅವುಗಳದ್ದೇ ಗಡಿಯಾರಗಳಿವೆ, ಅವು ಊಟದ ಹೊತ್ತು ನೋಡಿ ಸರಿಹೋಗುತ್ತವೆ. ಅದಕ್ಕೇ ಹೆಚ್ಚು ದಿನ ಇರುವುದಾದರೆ ಹೊಸ ಊರಿನ ಊಟದ ಸಮಯವನ್ನು ಮೊದಲ ದಿನದಿಂದಲೇ ಹಿಡಿಯಿರಿ.

ಮೆಲಟೋನಿನ್ (ಕತ್ತಲಾದಾಗ ಮಿದುಳು ಬಿಡುವ ಹಾರ್ಮೋನು) ಮಾತ್ರೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಕೆಲಸ ಮಾಡುತ್ತದೆ, ಅದರಲ್ಲೂ ಪೂರ್ವಕ್ಕೆ ಹೋದಾಗ, ಹೊಸ ಊರಿನ ಮಲಗುವ ಹೊತ್ತಿಗೆ ತೆಗೆದುಕೊಂಡರೆ. 0.5ರಿಂದ 5 ಮಿಲಿಗ್ರಾಂ ಸಾಕು, ಇನ್ನೂ ಜಾಸ್ತಿ ನುಂಗಿದರೆ ಲಾಭವಿಲ್ಲ. ಆದರೆ ಮೂರ್ಛೆರೋಗ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹಾಕಿಕೊಳ್ಳುವ ಹಿರಿಯರಿದ್ದರೆ ನಿದ್ದೆಯ ಚಿಂತೆಗಿಂತ ಮುಂಚೆ ಇನ್ಸುಲಿನ್ ಲೆಕ್ಕ ಆಗಬೇಕು. ಪಶ್ಚಿಮಕ್ಕೆ ಹಾರಿದಾಗ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಬಂದಾಗ ಚಿಕ್ಕದಾಗುತ್ತದೆ, ಡೋಸಿನ ಹೊತ್ತೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಟಿಕೆಟ್ ತೋರಿಸಿ, ಯಾವ ಡೋಸು ಯಾವ ಊರಿನ ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆಸಿಕೊಂಡು ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ನೂ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.