ದೇವರಾಜ ಮಾರುಕಟ್ಟೆ: ಗಾರೆಯ ಗೋಡೆಗೆ ಸಿಮೆಂಟಿನ ಮದ್ದು

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬದಿಗೆ ಹಬ್ಬಿರುವ ದೇವರಾಜ ಮಾರುಕಟ್ಟೆಯನ್ನು ಉಳಿಸಬೇಕೋ ಕೆಡವಬೇಕೋ ಎಂಬ ವಾದಕ್ಕೆ ಹತ್ತು ವರ್ಷ ಮೀರಿದೆ. ವಾದ ಶುರುವಾದದ್ದು ಪಕ್ಕದ ಕಟ್ಟಡದಿಂದ. ವೈಸ್‌ರಾಯ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ನವೀಕರಣ ನಡೆಯುತ್ತಿದ್ದಾಗಲೇ ಮಾರುಕಟ್ಟೆಯ ಧನ್ವಂತರಿ ರಸ್ತೆ ಬದಿಯ ದ್ವಾರ ಬಿತ್ತು. ಆಮೇಲೆ ಕೆಡವಬೇಕೆಂದು ಎಂಜಿನಿಯರುಗಳ ಸಮಿತಿಗಳು ಒಂದು ಕಡೆ, ಉಳಿಸಬೇಕೆಂದು ಪರಂಪರೆ ತಜ್ಞರು ಇನ್ನೊಂದು ಕಡೆ ನಿಂತರು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಏರಿತು.

ಎರಡೂ ಕುಸಿತ ಆಗಸ್ಟ್ ತಿಂಗಳಲ್ಲೇ ಆದದ್ದನ್ನು ಗಮನಿಸಬೇಕು. ಮಳೆಗಾಲ ಅರ್ಧ ಕಳೆದು, ಗೋಡೆಗಳು ನೀರು ಕುಡಿದು ಭಾರವಾಗಿರುವ ಹೊತ್ತು ಅದು. 'ನೂರು ವರ್ಷದ ಕಟ್ಟಡ, ಬೀಳದೆ ಇರುತ್ತದೆಯೇ?' ಎನ್ನುವವರು ಈ ನೀರಿನ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಆ ಕಾಲದ ಮೈಸೂರಿನ ಕಟ್ಟಡಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು, ಚಾವಣಿ ಬಹುಪಾಲು ಮದ್ರಾಸ್ ತಾರಸಿ. ತೇಗದ ಜಂತೆಗಳನ್ನು ಒಂದರಿಂದ ಒಂದೂವರೆ ಅಡಿ ಅಂತರದಲ್ಲಿ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಕಟ್ಟುತ್ತಿದ್ದರು. ಮೇಲೆ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಕೊಡತಿ ಪುಟಿದು ಮೇಲೆದ್ದರೆ ಪದರ ಗಟ್ಟಿಯಾಗಿದೆ ಎಂದರ್ಥ. ಕೊನೆಗೆ ಗಾರೆಯಲ್ಲಿ ಕೂರಿಸಿದ ಚಪ್ಪಟೆ ಹೆಂಚು. ಇಂಥ ಗೋಡೆ, ಚಾವಣಿ ತೇವ ಹೀರುತ್ತವೆ, ಬಿಸಿಲಿಗೆ ಅದನ್ನು ಬಿಟ್ಟುಕೊಡುತ್ತವೆ.

ಸಿಮೆಂಟು ಈ ಉಸಿರನ್ನೇ ಕಟ್ಟಿಸುತ್ತದೆ. ತಾರಸಿ ಸೋರಿದಾಗ ಹಳೆಯ ಹೆಂಚು ತೆಗೆಯದೆ ಮೇಲೊಂದು ಸಿಮೆಂಟ್ ಪದರ ಹಾಕುವುದು ಎಲ್ಲ ಕಡೆ ನಡೆದುಬಂದ ಪದ್ಧತಿ. ಒಂದು ಅಂಗುಲ ದಪ್ಪದ ಪದರವೂ ಚದರ ಮೀಟರಿಗೆ 50 ಕಿಲೋಗೂ ಹೆಚ್ಚು ತೂಗುತ್ತದೆ. ಮೂರು ಸಲ ಹಾಕಿದರೆ 150 ಕಿಲೋ, ಅದನ್ನು ಹೊರುವುದು ಅದೇ ಹಳೆಯ ಜಂತೆ. ಸಿಮೆಂಟು ಬಿಸಿಲಿಗೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಇಳಿದ ನೀರಿಗೆ ಹೊರಹೋಗಲು ದಾರಿಯಿಲ್ಲ, ಗೋಡೆಯೊಳಗೆ ಹುದುಗಿದ ಜಂತೆಯ ತುದಿ ಕೊಳೆಯುತ್ತದೆ. ಕೆಳಗೆ ನಿಂತು ನೋಡಿದರೆ ಮರ ಚೆನ್ನಾಗಿಯೇ ಕಾಣುತ್ತದೆ, ಕೊಳೆತಿರುವುದು ಕಾಣದ ಆ ಆರೆಂಟು ಅಂಗುಲ. ಗೋಡೆಗೆ ಬಳಿದ ಸಿಮೆಂಟ್ ಗಿಲಾವೂ ಇದೇ ಕೆಲಸ ಮಾಡುತ್ತದೆ: ಲವಣ ಒಳಗೇ ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ.

ಮಳಿಗೆಗಳ ಕಾಟವೂ ಸಣ್ಣದಲ್ಲ. ಜಾಗ ಸಾಲದೆಂದು ಅಡ್ಡಗೋಡೆ ಕೊರೆಯುವುದು, ಅಟ್ಟ ಕಟ್ಟಿ ಮೂಟೆ ಪೇರಿಸುವುದು, ಚಾವಣಿಗೆ ನೀರಿನ ಟ್ಯಾಂಕ್ ಏರಿಸುವುದು, ಮಳೆನೀರಿನ ಕೊಳವೆಗೆ ಕಸ ತುಂಬುವುದು. ಕಟ್ಟಡ ಪಾಲಿಕೆಯದು, ಒಳಗಿರುವವರು ಬಾಡಿಗೆದಾರರು. ಹೀಗಾಗಿ ಸಣ್ಣ ರಿಪೇರಿ ಯಾರ ಹೊಣೆಯೂ ಆಗದೆ ಉಳಿಯುತ್ತದೆ. ವ್ಯಾಪಾರಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ತಾರಸಿ ಗುಡಿಸಿ ಕೊಳವೆ ಬಿಡಿಸುವುದು ಮಾಲೀಕನ ಕೆಲಸ.

ದುರಸ್ತಿಯಲ್ಲಿ ಕ್ರಮ ತಪ್ಪಿದರೆ ದುರಸ್ತಿಯೇ ಕಟ್ಟಡವನ್ನು ಬೀಳಿಸುತ್ತದೆ. ಮೊದಲು ಆನಿಕೆ: ಕಮಾನುಗಳ ಕೆಳಗೆ, ಜಂತೆಗಳ ಕೆಳಗೆ ಕಂಬ ಕೊಟ್ಟ ಮೇಲೆಯೇ ಒಂದು ಇಟ್ಟಿಗೆ ಮುಟ್ಟಬೇಕು. ಕಮಾನು ಪಕ್ಕಕ್ಕೆ ಒತ್ತುತ್ತದೆ. ಸಾಲಿನ ಒಂದನ್ನು ಬಿಚ್ಚಿದರೆ ಪಕ್ಕದ್ದರ ಆಸರೆ ತಪ್ಪುತ್ತದೆ. ನಂತರ ಮೇಲಿನ ಭಾರ ಇಳಿಸಿ ನೀರಿನ ದಾರಿ ಸರಿಪಡಿಸಬೇಕು. ಗೋಡೆಯಲ್ಲಿ ಬೇರುಬಿಟ್ಟ ಅರಳಿ ಗಿಡವನ್ನು ಎಳೆದು ಕೀಳಬಾರದು, ಬೇರಿನ ಜೊತೆ ಗೋಡೆಯೂ ಬರುತ್ತದೆ. ಕಾಂಡ ಕತ್ತರಿಸಿ, ಹಸಿ ಗಾಯಕ್ಕೆ ಕಳೆನಾಶಕ ಹಚ್ಚಿ, ಬೇರು ಸತ್ತ ಮೇಲೆ ಬಿಡಿಸಬೇಕು. ಬಿರುಕಿಗೆ ಸುಣ್ಣ ಮತ್ತು ನುಣ್ಣನೆಯ ಸುರ್ಕಿಯ (ಇಟ್ಟಿಗೆ ಪುಡಿಯ) ತಿಳಿಯನ್ನು ಕೆಳಗಿನಿಂದ ಮೇಲಕ್ಕೆ, ಕಡಿಮೆ ಒತ್ತಡದಲ್ಲಿ ತುಂಬಬೇಕು. ಒತ್ತಡ ಹೆಚ್ಚಾದರೆ ಗೋಡೆಯ ಎರಡು ಮೈ ಬೇರೆಯಾಗಿ ಉಬ್ಬುತ್ತವೆ. ಹೊಸ ಗಾರೆಗೆ ಸುಣ್ಣವನ್ನು ಕನಿಷ್ಠ ಮೂರು ನಾಲ್ಕು ವಾರ ನೀರಿನಲ್ಲಿ ಅರಳಿಸಿಡಬೇಕು. ಅರ್ಧ ಅರಳಿದ ಸುಣ್ಣ ಗೋಡೆಗೆ ಹೋದ ಮೇಲೆ ಅರಳಿ ಗಿಲಾವನ್ನು ಚಿಮ್ಮಿಸುತ್ತದೆ. ಗುತ್ತಿಗೆಯ ಅವಸರದಲ್ಲಿ ಮೊದಲು ಮಾಯವಾಗುವುದು ಈ ವಾರಗಳೇ.

ಕೆಡವಿ 'ಅದೇ ಮಾದರಿಯಲ್ಲಿ' ಕಟ್ಟುತ್ತೇವೆ ಎಂಬ ಮಾತಿದೆ. ಕಾಂಕ್ರೀಟ್ ಚೌಕಟ್ಟಿಗೆ ಕಮಾನಿನ ಮುಖ ಹಚ್ಚಿದರೆ ನೋಟ ಸಿಗಬಹುದು. ದಪ್ಪ ಗೋಡೆಯ ತಂಪು, ವೀಳ್ಯದೆಲೆ, ಹೂವು, ಬಾಳೆಹಣ್ಣಿನ ಸಾಲುಗಳಿಗೆ ಒಗ್ಗಿದ ಗಾಳಿಯಾಟ ಸಿಗುವುದಿಲ್ಲ. ಕುಸಿದ ಭಾಗವನ್ನು ಹೊಸದಾಗಿ ಕಟ್ಟುವುದು ಅನಿವಾರ್ಯ, ಗಟ್ಟಿಯಿರುವ ಸಾಲುಗಳನ್ನೂ ಅದರ ಜೊತೆ ಉರುಳಿಸುವುದು ಅನಿವಾರ್ಯವಲ್ಲ. ಸಾಲು ಸಾಲಾಗಿ ವ್ಯಾಪಾರಿಗಳನ್ನು ಸ್ಥಳಾಂತರಿಸಿ ದುರಸ್ತಿ ಮಾಡಲು ಮಾರುಕಟ್ಟೆಯ ವಿನ್ಯಾಸವೇ ಅನುಕೂಲವಾಗಿದೆ. ಗಾರೆ ಕೆಲಸಕ್ಕೆ ಮಳೆಯೂ ಇರಬಾರದು, ಏಪ್ರಿಲ್‌ನ ಸುಡು ಬಿಸಿಲೂ ಇರಬಾರದು. ದಸರೆಯ ವ್ಯಾಪಾರ ಮುಗಿದ ಮೇಲಿನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಅದಕ್ಕೆ ಸರಿಯಾದ ಕಾಲ. ಆ ನಾಲ್ಕು ತಿಂಗಳು ಕೈಗೆ ಸಿಗಬೇಕಾದರೆ ಟೆಂಡರ್ ಏಪ್ರಿಲ್‌ನಲ್ಲೇ ಮುಗಿದು, ಸುಣ್ಣ ಆಗಸ್ಟ್ ಹೊತ್ತಿಗೆ ಅರಳಿಸುವ ಗುಂಡಿಗೆ ಬಿದ್ದಿರಬೇಕು.